ಇಬ್ಬರ ಕೋಣೆಯಲ್ಲಿ ಒಬ್ಬರು: ಒಂಟಿಯಾಗಿ ಕ್ರೂಸ್ ಪ್ರವಾಸ

ಕ್ರೂಸ್ ಹಡಗಿನ ದರವನ್ನು ತಲೆಗೆ ಇಷ್ಟು ಎಂದು ಬರೆದಿರುತ್ತಾರೆ. ಆದರೆ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆಂದು ಇಟ್ಟುಕೊಂಡೇ ಆ ದರವನ್ನು ಲೆಕ್ಕ ಹಾಕಿರುತ್ತಾರೆ. ಪ್ರವಾಸಕ್ಕೆ ತಲೆಗೆ 40,000 ರೂಪಾಯಿ ಎಂದಿದ್ದರೆ ಕಂಪನಿಯ ಪುಸ್ತಕದಲ್ಲಿ ಆ ಕ್ಯಾಬಿನ್ನಿನ ಬೆಲೆ 80,000. ಒಬ್ಬರೇ ಅದನ್ನು ಹಿಡಿದರೆ ಖಾಲಿ ಉಳಿಯುವ ಇನ್ನೊಂದು ಹಾಸಿಗೆಯ ಹಣವೂ, ಪೂರ್ತಿಯಾಗಿಯೋ ಭಾಗಶಃವೋ, ಅವರ ಮೇಲೆಯೇ ಬೀಳುತ್ತದೆ. ಇದೇ ಸಿಂಗಲ್ ಸಪ್ಲಿಮೆಂಟ್. ಹೆಚ್ಚಿನ ಕಂಪನಿಗಳಲ್ಲಿ ಒಬ್ಬರು ತೆರಬೇಕಾದ ಮೊತ್ತ ತಲೆದರದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನ ನಡುವೆ ಇರುತ್ತದೆ. ಬಂದರು ತೆರಿಗೆಯನ್ನು ಮಾತ್ರ ಸಾಮಾನ್ಯವಾಗಿ ಒಬ್ಬರ ಲೆಕ್ಕದಲ್ಲೇ ಹಾಕುತ್ತಾರೆ.

ಹೋಟೆಲಿನಲ್ಲೂ ಒಬ್ಬರಿಗೆ ಇಡೀ ಕೋಣೆಯ ಬಾಡಿಗೆ ತಾನೇ ಎಂಬ ಪ್ರಶ್ನೆ ಏಳುತ್ತದೆ. ಹಡಗಿನ ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ರೂಸ್ ಕಂಪನಿಯ ಆದಾಯದಲ್ಲಿ ಟಿಕೆಟ್ಟಿನದು ಒಂದು ಪಾಲು. ಇನ್ನೊಂದು ದೊಡ್ಡ ಪಾಲು ಹಡಗು ಹತ್ತಿದ ಮೇಲಿನ ಖರ್ಚಿನಿಂದ, ಎಂದರೆ ಬಾರ್, ಸ್ಪಾ, ಕ್ಯಾಸಿನೊ, ಫೋಟೊ, ಇಂಟರ್ನೆಟ್ ಮತ್ತು ದಡದ ಪ್ರವಾಸಗಳಿಂದ ಬರುತ್ತದೆ. ಎರಡನೆಯ ಹಾಸಿಗೆ ಖಾಲಿಯಾದರೆ ಕೊಳ್ಳುವ ಒಂದು ಕೈಯೂ ಕಡಿಮೆಯಾಯಿತು. ಕ್ಯಾಬಿನ್ನುಗಳ ಸಂಖ್ಯೆ ಕಬ್ಬಿಣದ ಒಡಲಿನೊಳಗೆ ಕಟ್ಟಿ ಮುಗಿದದ್ದು, ಹೆಚ್ಚಿಸಲು ಬರುವುದಿಲ್ಲ. ಹಾಗಾಗಿ ಹಡಗು ಇಬ್ಬಿಬ್ಬರಿಂದ ತುಂಬುವ ಕಾಲದಲ್ಲಿ ಒಬ್ಬರಿಗೆ ರಿಯಾಯಿತಿ ಕೊಡಲು ಯಾವ ಕಂಪನಿಗೂ ಮನಸ್ಸಾಗುವುದಿಲ್ಲ. ಶಾಲೆಯ ರಜೆ, ಕ್ರಿಸ್‌ಮಸ್, ದೀಪಾವಳಿಯ ವಾರಗಳನ್ನು ಬಿಟ್ಟು ಹಡಗು ಅರೆ ಖಾಲಿಯಾಗಿ ಹೊರಡುವ ದಿನಗಳನ್ನು ಹಿಡಿದರೆ ಸಪ್ಲಿಮೆಂಟ್ ಇಳಿಯುತ್ತದೆ. ಕೆಲವೊಮ್ಮೆ ಪೂರ್ತಿ ಮನ್ನಾ ಆಗುವುದೂ ಉಂಟು.

ಸಮುದ್ರಯಾನ ಮೊದಲಿನಿಂದಲೂ ಹೀಗಿರಲಿಲ್ಲ. ವಿಮಾನ ಬರುವ ಮುನ್ನ ಹಡಗು ಹತ್ತುತ್ತಿದ್ದವರಲ್ಲಿ ಒಂಟಿ ಪ್ರಯಾಣಿಕರು ಬಹಳ. ಕೆಲಸಕ್ಕೆ ಹೊರಟ ಅಧಿಕಾರಿ, ಓದಲು ಹೊರಟ ವಿದ್ಯಾರ್ಥಿ, ವ್ಯಾಪಾರಿ, ಪಾದ್ರಿ ಎಲ್ಲರೂ ಆ ಸಾಲಿನವರು. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋದದ್ದೂ ಹಡಗಿನಲ್ಲೇ. ಅವರ ‘ಸಮುದ್ರ ಗೀತೆಗಳು’ ಸಂಕಲನದ ಹಿಂದೆ ಆ ಯಾನವಿದೆ. ಅಂಥ ಹಡಗುಗಳಲ್ಲಿ ಒಬ್ಬರ ಕ್ಯಾಬಿನ್ನುಗಳೂ ಇರುತ್ತಿದ್ದವು, ಅಪರಿಚಿತರು ಹಂಚಿಕೊಳ್ಳುವ ಬರ್ತುಗಳೂ ಇರುತ್ತಿದ್ದವು.

ಒಂಟಿ ಯಾನದ ಚರಿತ್ರೆಯೂ ಕ್ರೂಸ್ ವಿಹಾರದ ಚರಿತ್ರೆಯೂ ಒಂದೇ ಹಡಗಿನಲ್ಲಿ ಸಂಧಿಸಿರುವುದು ಗಮನಿಸಬೇಕಾದ ಸಂಗತಿ. 1889ರ ನವೆಂಬರ್ 14ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ವರದಿಗಾರ್ತಿ ನೆಲ್ಲಿ ಬ್ಲೈ ಜಗತ್ತನ್ನು ಸುತ್ತಲು ಒಬ್ಬಳೇ ಹೊರಟಳು. ಆಗ ಅವಳಿಗೆ 25 ವರ್ಷ. ಹೆಣ್ಣಾದರೆ ಜೊತೆಗೊಬ್ಬ ರಕ್ಷಕ ಬೇಕು, ಪೆಟ್ಟಿಗೆಗಳ ಹೊರೆ ಬೇಕು ಎಂದು ಪತ್ರಿಕೆಯವರು ಮೊದಲು ಹಿಂಜರಿದಿದ್ದರು. ಅವಳು ಒಯ್ದದ್ದು ಒಂದೇ ಕೈಚೀಲ. ಸಮುದ್ರ ಸೇರಿದ ಕೂಡಲೇ ವಾಂತಿಯಾಗಿ ಹಾಸಿಗೆ ಹಿಡಿದಳು, ಎದ್ದಳು, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಯೊಕೊಹಾಮಾ ದಾಟಿ 72 ದಿನಗಳಲ್ಲಿ ಹಿಂದಿರುಗಿದಳು. ಅಟ್ಲಾಂಟಿಕ್ ದಾಟಲು ಅವಳು ಹತ್ತಿದ್ದು ಜರ್ಮನಿಯ ಹಾಪಾಗ್ ಕಂಪನಿಯ ‘ಅಗಸ್ಟಾ ವಿಕ್ಟೋರಿಯಾ’. ಚಳಿಗಾಲದಲ್ಲಿ ಅಟ್ಲಾಂಟಿಕ್ ಪ್ರಯಾಣಿಕರು ಕಡಿಮೆಯಾಗಿ ಆ ದೊಡ್ಡ ಹಡಗು ಸುಮ್ಮನೆ ನಿಲ್ಲಬೇಕಾಗಿತ್ತು. ಕಂಪನಿಯ ಆಲ್ಬರ್ಟ್ ಬಲಿನ್ 1891ರ ಜನವರಿಯಲ್ಲಿ ಅದೇ ಹಡಗಿಗೆ 241 ಜನರನ್ನು ಹತ್ತಿಸಿ, ಊರು ಸೇರಿಸುವುದಕ್ಕಲ್ಲ, ಬರಿಯ ವಿಹಾರಕ್ಕೆಂದು ಮೆಡಿಟರೇನಿಯನ್‌ಗೆ ಕಳಿಸಿದ. ಇಂದಿನ ಕ್ರೂಸ್ ಉದ್ಯಮ ಬಹುಮಟ್ಟಿಗೆ ತನ್ನ ಹುಟ್ಟನ್ನು ಅಲ್ಲಿಗೆ ಒಯ್ಯುತ್ತದೆ.

ಜೆಟ್ ವಿಮಾನ ಬಂದ ಮೇಲೆ ಹಡಗಿಗೆ ಉಳಿದದ್ದು ವಿಹಾರ ಮಾತ್ರ. 1977ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಶುರುವಾದ ‘ದಿ ಲವ್ ಬೋಟ್’ ಧಾರಾವಾಹಿ ಕ್ರೂಸ್ ಎಂದರೆ ಪ್ರೇಮಿಗಳ, ದಂಪತಿಗಳ ಜಾಗ ಎಂಬ ಚಿತ್ರವನ್ನು ಮನೆಮನೆಗೆ ಮುಟ್ಟಿಸಿತು. ಹೊಸ ಹಡಗುಗಳಲ್ಲಿ ಎಲ್ಲ ಕ್ಯಾಬಿನ್ನುಗಳೂ ಹೆಚ್ಚುಕಡಿಮೆ ಒಂದೇ ಅಳತೆಗೆ, ಇಬ್ಬರಿಗೆಂದೇ ತಯಾರಾಗತೊಡಗಿದವು. ಒಬ್ಬರ ಕೋಣೆ ನಕ್ಷೆಯಿಂದಲೇ ಅಳಿಸಿಹೋಯಿತು.

ಅದು ಮರಳಿ ಬಂದದ್ದು 2010ರಲ್ಲಿ. ನಾರ್ವೇಜಿಯನ್ ಕ್ರೂಸ್ ಲೈನ್ ಆ ವರ್ಷ ಯಾನಕ್ಕಿಳಿಸಿದ ‘ನಾರ್ವೇಜಿಯನ್ ಎಪಿಕ್’ನಲ್ಲಿ ಒಬ್ಬರಿಗೆಂದೇ 128 ಸ್ಟುಡಿಯೊ ಕ್ಯಾಬಿನ್ನುಗಳಿದ್ದವು. ಒಂದೊಂದೂ ಸುಮಾರು 100 ಚದರಡಿ. ಸಮುದ್ರ ಕಾಣುವ ಕಿಟಕಿ ಇಲ್ಲ. ಓಣಿಗೆ ತೆರೆದ ಒಂದು ಗುಂಡು ಗಾಜು ಉಂಟು, ಒಳಗಿನಿಂದ ಮಾತ್ರ ಕಾಣುವಂಥದು. ಈ ಕೋಣೆಗಳವರಷ್ಟೇ ತಮ್ಮ ಕಾರ್ಡು ತೋರಿಸಿ ಹೋಗಬಹುದಾದ ಒಂದು ಸಾಮಾನ್ಯ ಹಜಾರವನ್ನೂ ಕಟ್ಟಿದರು. ಈ ಹಜಾರವೇ ಆ ಯೋಜನೆಯ ನಿಜವಾದ ಜಾಣ್ಮೆ. ಕೋಣೆ ಚಿಕ್ಕದಾದರೂ ಹೊರಗೆ ಬಂದ ತಕ್ಷಣ ತಮ್ಮಂಥವರೇ ಕಾಫಿ ಕುಡಿಯುತ್ತ ಕೂತಿರುವ ಜಾಗ ಸಿಕ್ಕಿತು. ಆಮೇಲೆ ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು. ಕ್ಯೂನಾರ್ಡ್ ಕಂಪನಿ ‘ಕ್ವೀನ್ ಮೇರಿ 2’ ಹಡಗನ್ನು 2016ರಲ್ಲಿ ನವೀಕರಿಸಿದಾಗ 15 ಒಂಟಿ ಕೋಣೆಗಳನ್ನು ಸೇರಿಸಿತು. ಹಿರಿಯರಿಗಾಗಿಯೇ ಹಡಗು ನಡೆಸುವ ಬ್ರಿಟನ್ನಿನ ಸಾಗಾ ಕಂಪನಿ ಒಂಟಿ ಕೋಣೆಗಳಿಗೂ ಬಾಲ್ಕನಿ ಕೊಟ್ಟಿದೆ. ಸಂಗಾತಿಯನ್ನು ಕಳೆದುಕೊಂಡವರು ಅದರ ಗಿರಾಕಿಗಳಲ್ಲಿ ಹೆಚ್ಚು. ಅವರನ್ನು ಒಳಗಿನ ಮೂಲೆಗೆ ತಳ್ಳದೆ ಸಮುದ್ರದ ಕಡೆಗೇ ಕೂರಿಸಿದ್ದು ಮೆಚ್ಚಬೇಕಾದ ಮಾತು.

ಸ್ಟುಡಿಯೊ ಎಂದ ಮಾತ್ರಕ್ಕೆ ಅಗ್ಗ ಎಂದು ನಂಬಬಾರದು. ಇಂಥ ಕೋಣೆಗಳು ಕಡಿಮೆ ಇರುವುದರಿಂದ ಬೇಗ ತುಂಬುತ್ತವೆ, ಬೇಡಿಕೆ ಏರಿದಂತೆ ದರವೂ ಏರುತ್ತದೆ. ಇಬ್ಬರ ಒಳ ಕ್ಯಾಬಿನ್ನಿಗೆ ಎರಡು ಪಟ್ಟು ಕೊಟ್ಟರೂ ಸ್ಟುಡಿಯೊಗಿಂತ ಕಡಿಮೆಯಾಗುವ ಸಂದರ್ಭಗಳಿವೆ. ಎರಡನ್ನೂ ತೆರಿಗೆ ಸಮೇತ ಕೂಡಿ ನೋಡಿದ ಮೇಲೆಯೇ ತೀರ್ಮಾನಿಸುವುದು ಲೇಸು. ಅಂಟಾರ್ಕ್ಟಿಕಾದಂಥ ಕಡೆಗೆ ಹೋಗುವ ಸಣ್ಣ ಅನ್ವೇಷಣಾ ಹಡಗುಗಳಲ್ಲಿ ಮೂರನೆಯ ದಾರಿಯೊಂದಿದೆ. ಒಪ್ಪಿದರೆ ಅದೇ ಲಿಂಗದ ಇನ್ನೊಬ್ಬ ಒಂಟಿ ಪ್ರಯಾಣಿಕರ ಜೊತೆ ಕೋಣೆ ಹಂಚುತ್ತಾರೆ, ಆಗ ಸಪ್ಲಿಮೆಂಟ್ ಇರುವುದಿಲ್ಲ. ಗೊರಕೆಯ ಅಪಾಯ ಉಂಟು. ಆದರೆ ಅಂಥ ಯಾನದ ದರದಲ್ಲಿ ಉಳಿಯುವ ಹಣವೂ ಸಣ್ಣದಲ್ಲ.

ಭಾರತದಲ್ಲಿ ಒಂಟಿ ಪ್ರಯಾಣಿಕರಿಗೆ ನ್ಯಾಯವಾದ ದರದ ಹಡಗು ಯಾವುದೆಂದು ಕೇಳಿದರೆ ಉತ್ತರ ಐಷಾರಾಮಿ ಕ್ರೂಸುಗಳಲ್ಲಿಲ್ಲ, ಲಕ್ಷದ್ವೀಪದ ಪ್ರಯಾಣಿಕರ ಹಡಗುಗಳಲ್ಲಿದೆ. ಕೊಚ್ಚಿಯಿಂದ ಹೊರಡುವ ಈ ಹಡಗುಗಳಲ್ಲಿ ಟಿಕೆಟ್ ಸಿಗುವುದು ರೈಲಿನಂತೆ ಬರ್ತಿನ ಲೆಕ್ಕಕ್ಕೆ. ಮೊದಲ ದರ್ಜೆಯಲ್ಲಿ ಇಬ್ಬರ ಕೋಣೆ, ಎರಡನೆಯದರಲ್ಲಿ ನಾಲ್ವರ ಕೋಣೆ, ಬಂಕ್ ದರ್ಜೆಯಲ್ಲಿ ಸಾಲು ಹಾಸಿಗೆ. ಒಬ್ಬರು ಒಬ್ಬರ ಹಣವನ್ನೇ ಕೊಡುತ್ತಾರೆ. ಸುಮಾರು 700 ಜನರನ್ನು ಒಯ್ಯುವ ‘ಎಂ.ವಿ. ಕವರತ್ತಿ’ಯಲ್ಲಿ ದ್ವೀಪಾಡಳಿತದ ಪ್ರವಾಸೋದ್ಯಮ ಸಂಸ್ಥೆ ‘ಸಮುದ್ರಂ’ ಎಂಬ ಪ್ಯಾಕೇಜ್ ನಡೆಸುತ್ತದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಹಗಲು ಇಳಿಯುವುದು, ರಾತ್ರಿ ಹಡಗಿನಲ್ಲೇ ಮಲಗುವುದು. ಲಕ್ಷದ್ವೀಪದವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು. ಹಡಗಿನಲ್ಲಿ ಈಜುಕೊಳ, ನೃತ್ಯಶಾಲೆಗಳ ನಿರೀಕ್ಷೆ ಬೇಡ. ಸಹಪ್ರಯಾಣಿಕರು ಆಸ್ಪತ್ರೆಗೆ, ಮದುವೆಗೆ, ಕಾಲೇಜಿಗೆ ಓಡಾಡುವ ದ್ವೀಪವಾಸಿಗಳು. ಒಂಟಿಯಾಗಿ ಬಂದವರಿಗೆ ಅವರೊಡನೆ ಮಾತು ಹತ್ತುವುದು ಸುಲಭ, ಇಡೀ ಯಾನದ ಸ್ವಾರಸ್ಯವೂ ಅದರಲ್ಲೇ.

ಕರಾವಳಿಯ ಕನ್ನಡಿಗರಿಗೆ ಈ ದ್ವೀಪಗಳು ಹೊರನಾಡಲ್ಲ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ಸಾಮಾನು ಹೊತ್ತ ಮಂಜಿ ದೋಣಿಗಳು ಅಲ್ಲಿಗೆ ಹೋಗಿಬರುತ್ತಿದ್ದ ನಂಟು ಬಹಳ ಹಳೆಯದು.

ಸಕಲ ಮನರಂಜನೆಯ ಕ್ರೂಸ್ ಬೇಕೆನ್ನುವವರಿಗೆ ಮುಂಬೈಯಿಂದ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಇದೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಈ ಹಡಗು 2021ರಿಂದ ಭಾರತದ ಬಂದರುಗಳಲ್ಲಿ ಓಡುತ್ತಿದೆ. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೂ, ಅರಬ್ಬಿ ಸಮುದ್ರ ಕೆರಳುವ ಮಳೆಗಾಲದಲ್ಲಿ ಚೆನ್ನೈಯಿಂದ ಶ್ರೀಲಂಕಾದ ಕಡೆಗೂ ಹೋಗಿದೆ. ಎರಡು ಮೂರು ರಾತ್ರಿಗಳ ವಾರಾಂತ್ಯದ ಯಾನಗಳಲ್ಲಿ ಕುಟುಂಬಗಳು, ಮದುವೆ ದಿಬ್ಬಣಗಳು, ಕಂಪನಿಗಳ ತಂಡಗಳು ತುಂಬಿರುತ್ತವೆ. ಎಲ್ಲರೂ ತಮ್ಮ ಗುಂಪಿನೊಳಗೇ ಇರುವುದರಿಂದ ಒಂಟಿಯಾಗಿ ಬಂದವರಿಗೆ ಜೊತೆ ಸಿಗುವುದು ನಿಧಾನ. ವಾರದ ನಡುವಿನ ನಾಲ್ಕೈದು ರಾತ್ರಿಗಳ ಯಾನ ಅವರಿಗೆ ಹೆಚ್ಚು ಒಗ್ಗುತ್ತದೆ.

ಹೊರದೇಶದ ಕ್ರೂಸುಗಳಲ್ಲಿ ಭಾರತೀಯರು ಹೆಚ್ಚಾಗಿ ಹತ್ತುವುದು ಸಿಂಗಪುರದಲ್ಲಿ. ವೀಸಾ ಲೆಕ್ಕವನ್ನು ಇಲ್ಲಿ ಎಚ್ಚರದಿಂದ ಮಾಡಬೇಕು. ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಸಿಂಗಪುರಕ್ಕೇ ಮರಳುವ ಯಾನದಲ್ಲಿ ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ. ಬಾರ್ಸಿಲೋನಾದಿಂದಲೋ ರೋಮಿನ ಬಂದರು ಚಿವಿತಾವೆಕ್ಕಿಯಾದಿಂದಲೋ ಹೊರಟು ನಡುವೆ ಟರ್ಕಿಯನ್ನೋ ಟುನೀಸಿಯಾವನ್ನೋ ಮುಟ್ಟಿದರೆ ಷೆಂಗೆನ್ ವಲಯದಿಂದ ಹೊರಬಿದ್ದು ಮತ್ತೆ ಒಳಹೋದಂತೆ. ಅದಕ್ಕೆ ಬಹುಪ್ರವೇಶದ ವೀಸಾ ಬೇಕು. ದಡಕ್ಕೆ ಇಳಿಯದೆ ಹಡಗಿನಲ್ಲೇ ಇರುತ್ತೇನೆ ಎಂದರೂ ದಾಖಲೆ ಇಲ್ಲದವರನ್ನು ಮೊದಲ ಬಂದರಿನಲ್ಲೇ ಹತ್ತಿಸಿಕೊಳ್ಳದಿರಬಹುದು. ಜೊತೆಗಾರರಿದ್ದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಒಂಟಿ ಪ್ರಯಾಣಿಕರಿಗೆ ಆ ಆಸರೆ ಇಲ್ಲ.

ಹಡಗಿನ ಗಾತ್ರ ಒಂಟಿತನದ ರುಚಿಯನ್ನೇ ಬದಲಿಸುತ್ತದೆ. 2024ರಲ್ಲಿ ಬಂದ ರಾಯಲ್ ಕೆರಿಬಿಯನ್ನಿನ ‘ಐಕಾನ್ ಆಫ್ ದಿ ಸೀಸ್’ ತುಂಬಿ ಹೊರಟರೆ 7,600 ಪ್ರಯಾಣಿಕರನ್ನು ಒಯ್ಯಬಲ್ಲದು. ಅಲ್ಲಿ ಬೆಳಗ್ಗೆ ಮಾತಾಡಿಸಿದವರು ಸಂಜೆ ಮತ್ತೆ ಕಾಣದೇ ಹೋಗಬಹುದು. ಕೆಲವೇ ನೂರು ಜನರ ಹಡಗಿನಲ್ಲಿ ಎರಡನೆಯ ದಿನವೇ ಮುಖಗಳು ಗುರುತಾಗಿರುತ್ತವೆ. ನಾರ್ವೆಯ ಕರಾವಳಿಯಲ್ಲಿ 1893ರಿಂದ ಓಡುತ್ತಿರುವ ಹುರ್ಟಿಗ್ರೂಟನ್ ಯಾನ ಎರಡಕ್ಕೂ ಬೇರೆಯದು. ಬೆರ್ಗೆನ್‌ನಿಂದ ಉತ್ತರದ ತುದಿಯ ಕಿರ್ಕೆನೆಸ್‌ಗೆ ಹೋಗಿ ಮರಳಲು 12 ದಿನ, ದಾರಿಯಲ್ಲಿ 34 ಬಂದರು, ಹಡಗಿನಲ್ಲಿ ಸರಕೂ ಊರವರೂ ಇರುತ್ತಾರೆ. ಹಾಡು, ಕುಣಿತದ ಗದ್ದಲ ಇಲ್ಲ. ಕಿಟಕಿಯ ಪಕ್ಕ ಪುಸ್ತಕ ಹಿಡಿದು ಕೂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಕ್ಯಾಬಿನ್ ಆರಿಸುವಾಗ ಓಲಾಟದ ವಿಚಾರ ಮುಖ್ಯ. ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕುಗಳಲ್ಲಿ ಅಲುಗಾಟ ಕಡಿಮೆ. ಮೂತಿಯ ಕಡೆ, ಮೇಲಿನ ಡೆಕ್ಕುಗಳಲ್ಲಿ ಹೆಚ್ಚು. ದೊಡ್ಡ ಹಡಗುಗಳ ಬದಿಯಿಂದ ನೀರೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತವೆ, ಮುಂದೆ ಹಿಂದೆ ಏರಿಳಿಯುವುದನ್ನು ತಡೆಯಲಾರವು. ತಲೆಸುತ್ತು, ವಾಂತಿಯ ಸ್ವಭಾವದವರು ವೈದ್ಯರನ್ನು ಕೇಳಿ ಮಾತ್ರೆ ಒಯ್ಯಬೇಕು, ಅಲೆ ಏಳುವ ಮೊದಲೇ ನುಂಗಬೇಕು. ಕೋಣೆಯಲ್ಲಿ ಬಿದ್ದುಕೊಳ್ಳುವುದಕ್ಕಿಂತ ಡೆಕ್ಕಿಗೆ ಬಂದು ದೂರದ ದಿಗಂತದ ಗೆರೆಯನ್ನು ನೋಡುತ್ತ ನಿಂತರೆ ಬೇಗ ಸುಧಾರಿಸುತ್ತದೆ.

ಹಡಗು ಹತ್ತಿದಾಗ ಎಲ್ಲರೂ ಮಾಡಲೇಬೇಕಾದ ಮೊದಲ ಕೆಲಸ ಮಸ್ಟರ್ ಡ್ರಿಲ್. ಅಪಾಯದ ಸೈರನ್ ಕೂಗಿದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬ ತರಬೇತಿ ಅದು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಾಗ, ಆ ಸಂಜೆಯಷ್ಟೇ ಹತ್ತಿದ್ದ ಹಲವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಈಗ ಹಡಗು ಹೊರಡುವ ಮುನ್ನವೇ ಅದು ಮುಗಿಯಬೇಕು. ಕತ್ತಲಲ್ಲಿ ಕೈಹಿಡಿದು ಕರೆದೊಯ್ಯುವವರಿಲ್ಲದ ಒಂಟಿ ಪ್ರಯಾಣಿಕರು ಕ್ಯಾಬಿನ್ನಿನಿಂದ ಸೇರಬೇಕಾದ ಜಾಗದವರೆಗೆ ಒಂದು ಸಲ ನಡೆದು ನೋಡಿಕೊಳ್ಳುವುದು ಒಳ್ಳೆಯದು.

ಒಂಟಿಯಾಗಿ ಹೋಗುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ರಾತ್ರಿಯೂಟದ ಮೇಜು. ಹಗಲು ಹೇಗೋ ಕಳೆಯುತ್ತದೆ. ಬಫೆಯಲ್ಲಿ ತಟ್ಟೆ ಹಿಡಿದು ಯಾವ ಮೂಲೆಯಲ್ಲಾದರೂ ಕೂರಬಹುದು. ಆದರೆ ದೀಪ ಹಚ್ಚಿದ ದೊಡ್ಡ ಊಟದ ಮನೆಯಲ್ಲಿ, ಸುತ್ತ ಜೋಡಿಗಳಿರುವಾಗ, ‘ಒಬ್ಬರೇ’ ಎಂದು ಬಾಗಿಲಲ್ಲಿ ಹೇಳುವ ಘಳಿಗೆಗೆ ಅಂಜಿ ಎಷ್ಟೋ ಜನ ಪ್ರವಾಸವನ್ನೇ ಕೈಬಿಡುತ್ತಾರೆ. ಈ ಅಂಜಿಕೆಗೆ ಹಡಗಿನ ಹಳೆಯ ಸಂಪ್ರದಾಯದಲ್ಲೇ ಪರಿಹಾರವಿದೆ. ನಿಗದಿತ ಹೊತ್ತಿನ ಊಟವನ್ನು ಆರಿಸಿಕೊಂಡು, ಬುಕ್ ಮಾಡುವಾಗಲೇ ಆರು ಅಥವಾ ಎಂಟು ಜನರ ಹಂಚಿಕೆಯ ಮೇಜು ಬೇಕೆಂದು ಹೇಳಬೇಕು. ಆಗ ಪ್ರತಿ ರಾತ್ರಿ ಅದೇ ಮೇಜು, ಅದೇ ಮುಖಗಳು, ಅದೇ ಬಡಿಸುವವರು. ಮೊದಲ ದಿನ ಊರು, ಉದ್ಯೋಗ. ಎರಡನೆಯ ದಿನ ಮಕ್ಕಳು ಮೊಮ್ಮಕ್ಕಳು. ಮೂರನೆಯ ದಿನ ಒಬ್ಬರು ಬಾರದಿದ್ದರೆ ಉಳಿದವರು ವಿಚಾರಿಸುತ್ತಾರೆ. ಜನ ಹಿಡಿಸದಿದ್ದರೆ ಊಟದ ಮನೆಯ ಮುಖ್ಯಸ್ಥರಿಗೆ ಮೆಲ್ಲಗೆ ತಿಳಿಸಿದರೆ ಮೇಜು ಬದಲಿಸುತ್ತಾರೆ, ಅದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಬೇಕಾದ ಹೊತ್ತಿಗೆ ಊಟ ಮಾಡುವ ವ್ಯವಸ್ಥೆಯಲ್ಲಿ ಸ್ವಾತಂತ್ರ್ಯ ಜಾಸ್ತಿ, ಪರಿಚಯ ಕಡಿಮೆ.

ಸಸ್ಯಾಹಾರಿಗಳು ಇದೇ ಮುಖ್ಯಸ್ಥರನ್ನು ಮೊದಲ ರಾತ್ರಿಯೇ ಕಂಡು ಮಾತಾಡಿದರೆ ಮರುದಿನದ ಅಡುಗೆಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬಹುದು. ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಭಾರತೀಯ ಅಡುಗೆಯವರು ಇರುತ್ತಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಕ್ರೂಸ್ ಹಡಗು ಸೇರುವುದು ರೂಢಿಯಾಗಿಬಿಟ್ಟಿದೆ. ಅಂಗಿಯ ಮೇಲಿನ ಹೆಸರು, ದೇಶದ ಪಟ್ಟಿ ನೋಡಿ ಮಾತಾಡಿಸಿದರೆ ಕೆರಿಬಿಯನ್ ಸಮುದ್ರದ ನಡುವೆ ತುಳುವೋ ಕೊಂಕಣಿಯೋ ಕನ್ನಡವೋ ಕೇಳಿಬರಬಹುದು, ಎಂಟು ತಿಂಗಳಿನಿಂದ ಮನೆ ನೋಡದವರಿಗೆ ಅದು ಎಷ್ಟು ಹಿತವೆಂಬುದು ಮುಖದಲ್ಲೇ ಕಾಣುತ್ತದೆ.

ಮರುದಿನದ ಕಾರ್ಯಕ್ರಮಗಳ ಪಟ್ಟಿ ಹಿಂದಿನ ರಾತ್ರಿ ಕೋಣೆಗೋ ಫೋನಿನ ಆ್ಯಪಿಗೋ ಬರುತ್ತದೆ. ಒಂಟಿ ಪ್ರಯಾಣಿಕರ ಭೇಟಿ ಎಂಬ ಸಾಲು ಸಾಮಾನ್ಯವಾಗಿ ಮೊದಲ ದಿನದ ಸಂಜೆಗೇ ಇರುತ್ತದೆ. ಆ ಮೊದಲ ಭೇಟಿಯನ್ನು ತಪ್ಪಿಸಿಕೊಳ್ಳಬಾರದು, ಮುಂದಿನ ದಿನಗಳ ಸ್ನೇಹ ಕುದುರುವುದು ಅಲ್ಲೇ. ಪ್ರಶ್ನೋತ್ತರ ಸ್ಪರ್ಧೆ, ಅಡುಗೆ ಪಾಠ, ಇಸ್ಪೀಟು, ಉಪನ್ಯಾಸಗಳಲ್ಲಿ ಸೇರಲು ಜೊತೆ ಬೇಕಿಲ್ಲ. ಕ್ಯೂನಾರ್ಡ್ ಹಡಗುಗಳಲ್ಲಿ ಬಾಲ್‌ರೂಂ ನೃತ್ಯಕ್ಕೆ ಒಂಟಿಯಾಗಿ ಬಂದವರ ಜೊತೆ ಹೆಜ್ಜೆ ಹಾಕಲೆಂದೇ ನೇಮಿಸಿದ ನೃತ್ಯ ಸಂಗಾತಿಗಳಿದ್ದಾರೆ. ಒಬ್ಬರೊಂದಿಗೇ ಹೆಚ್ಚು ಹೊತ್ತು ಕಳೆಯಬಾರದೆಂಬ ಕಟ್ಟಳೆಯೂ ಅವರಿಗಿದೆ. ಹಡಗು ಒಂಟಿ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ. ಬೇಕೆನಿಸಿದಾಗ ಜನರ ನಡುವೆ, ಸಾಕೆನಿಸಿದಾಗ ಕೋಣೆಗೆ ಅಥವಾ ಹಿಂಬದಿಯ ಡೆಕ್ಕಿಗೆ. ಎದ್ದು ಹೋಗಲು ಯಾರ ಅಪ್ಪಣೆಯೂ ಬೇಡ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಗುಂಪು ಪ್ರವಾಸದಲ್ಲಿ ಇದು ಸಿಗುವುದಿಲ್ಲ, ಹೊಸ ಊರಿನ ಹೋಟೆಲ್ ಕೋಣೆಯಲ್ಲಿ ಒಬ್ಬರೇ ಇರುವಾಗಲೂ ಸಿಗುವುದಿಲ್ಲ.

ಬಂದರಿಗೆ ಇಳಿದಾಗ ಲೆಕ್ಕ ಬದಲಾಗುತ್ತದೆ. ಹಡಗಿನವರ ಪ್ರವಾಸ ದುಬಾರಿ, ಆದರೆ ಅವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಹಡಗು ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಬೇಕು, ದಡದ ಸಮಯ ಬೇರೆಯೇ ಇರಬಹುದು. ಗ್ರೀಸಿನ ಸ್ಯಾಂಟೊರಿನಿಯಂಥ ಕಡೆ ಹಡಗನ್ನು ದೂರದಲ್ಲಿ ನಿಲ್ಲಿಸಿ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಾರೆ, ಮರಳುವಾಗ ಅಲ್ಲಿ ಉದ್ದದ ಸಾಲು. ಪಾಸ್‌ಪೋರ್ಟಿನ ನಕಲು, ಬಂದರಿನ ಏಜೆಂಟರ ಫೋನ್ ನಂಬರು, ಸ್ವಲ್ಪ ನಗದು ಕೈಯಲ್ಲಿರಬೇಕು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕ್ರೂಸ್ ಪ್ರಯಾಣಿಕರೂ ಇದೇ ಲೆಕ್ಕದಲ್ಲಿ ಓಡುತ್ತಾರೆ. ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳು, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ, ಇಷ್ಟನ್ನು ಹಗಲೊಳಗೆ ಮುಗಿಸಿ ಮರಳುತ್ತಾರೆ.

ಹೆಂಗಸರು ಕೇಳುವ ಮೊದಲ ಪ್ರಶ್ನೆ ಸುರಕ್ಷತೆಯದು. ಹತ್ತುವವರೂ ಇಳಿಯುವವರೂ ಕಾರ್ಡು ತೋರಿಸಿಯೇ ದಾಟುವುದರಿಂದ, ಎಲ್ಲೆಡೆ ಕ್ಯಾಮೆರಾ ಇರುವುದರಿಂದ ಹಡಗು ಅನೇಕ ಊರುಗಳಿಗಿಂತ ಸುರಕ್ಷಿತ. ಆದರೂ ಅಪರಾಧಗಳು ನಡೆದಿವೆ, ಅದಕ್ಕಾಗಿಯೇ ಅಮೆರಿಕ 2010ರಲ್ಲಿ ಒಂದು ಕಾಯ್ದೆ ತಂದಿತು. ಅಲ್ಲಿನ ಬಂದರುಗಳನ್ನು ಬಳಸುವ ದೊಡ್ಡ ಹಡಗುಗಳಲ್ಲಿ ಕ್ಯಾಬಿನ್ ಬಾಗಿಲಿಗೆ ಇಣುಕುಗಿಂಡಿ ಇರಬೇಕು, ಡೆಕ್ಕಿನ ಕಟಕಟೆ 42 ಇಂಚು ಎತ್ತರವಿರಬೇಕು, ಗಂಭೀರ ಅಪರಾಧಗಳನ್ನು ಎಫ್‌ಬಿಐಗೆ ವರದಿ ಮಾಡಬೇಕು. ಪ್ರಯಾಣಿಕರು ತಾವೇ ಪಾಲಿಸಬೇಕಾದದ್ದು ನೆಲದ ಮೇಲಿನ ಎಚ್ಚರವೇ: ಕ್ಯಾಬಿನ್ ನಂಬರನ್ನು ಜೋರಾಗಿ ಹೇಳದಿರುವುದು, ಒಳಗಿನ ಚಿಲಕ ಹಾಕುವುದು, ಕುಡಿಯುವ ಲೋಟವನ್ನು ಬಿಟ್ಟು ಏಳದಿರುವುದು.

ಹಡಗಿನ ವೈದ್ಯರ ಶುಲ್ಕ ಸಾಮಾನ್ಯವಾಗಿ ಡಾಲರಿನಲ್ಲಿರುತ್ತದೆ. ನಡುಸಮುದ್ರದಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದರೆ ಮೊತ್ತ ಲಕ್ಷಗಳನ್ನು ದಾಟುತ್ತದೆ. ಅಂಥ ಸಾಗಾಟವನ್ನು ಹೆಸರಿಸಿ ಒಳಗೊಂಡ ವಿಮೆ ಇಲ್ಲದೆ ಒಬ್ಬರೇ ಹೊರಡಬಾರದು. ಹಡಗಿನಲ್ಲಿ ಬೇಗ ಹರಡುವ ನೊರೊವೈರಸ್ ವಾಂತಿ ಭೇದಿಗೆ ಸ್ಯಾನಿಟೈಸರ್ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಮೊಬೈಲನ್ನು ಫ್ಲೈಟ್ ಮೋಡಿನಲ್ಲಿಡದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ತಾನೇ ಸೇರಿ ಬಿಲ್ಲು ಏರಿಸುತ್ತದೆ.

ಟಿಕೆಟ್ಟಿನ ಹೊರಗಿನ ಖರ್ಚಿನಲ್ಲಿ ದೊಡ್ಡದು ಟಿಪ್ಸ್. ಅಮೆರಿಕದ ಕಂಪನಿಗಳಲ್ಲಿ ಅದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ತಾನಾಗಿಯೇ ಖಾತೆಗೆ ಬೀಳುತ್ತದೆ. ಇಲ್ಲಿ ಒಂಟಿ ಪ್ರಯಾಣಿಕರಿಗೆ ಎರಡು ಪಟ್ಟಿನ ಲೆಕ್ಕ ಇಲ್ಲ, ಒಬ್ಬರದ್ದೇ. ಇಂಟರ್ನೆಟ್ ಹಾಗಲ್ಲ, ಇಬ್ಬರು ಹಂಚಿಕೊಳ್ಳಬಹುದಾದದ್ದನ್ನು ಒಬ್ಬರೇ ಹೊರಬೇಕು. ಹಡಗಿನೊಳಗೆ ನಗದು ನಡೆಯುವುದಿಲ್ಲ, ಎಲ್ಲವೂ ಕೋಣೆಯ ಕಾರ್ಡಿಗೆ ದಾಖಲಾಗುತ್ತದೆ, ದಿನಕ್ಕೊಮ್ಮೆ ನೋಡಿಕೊಂಡರೆ ತಪ್ಪು ದಾಖಲೆಗಳನ್ನು ಅಲ್ಲಲ್ಲೇ ತೆಗೆಸಬಹುದು. ಕೊನೆಯ ರಾತ್ರಿ ಪೆಟ್ಟಿಗೆಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗಿಟ್ಟರೆ ಬೆಳಗ್ಗೆ ಅದು ಟರ್ಮಿನಲ್ಲಿನಲ್ಲಿ ಸಿಗುತ್ತದೆ. ಔಷಧಿ, ಪಾಸ್‌ಪೋರ್ಟು, ಮರುದಿನದ ಬಟ್ಟೆ ಮಾತ್ರ ಕೈಚೀಲದಲ್ಲಿ ಉಳಿದಿರಬೇಕು. ಸಾಮಾನನ್ನು ತಾವೇ ಹೊರಬಲ್ಲವರನ್ನು ಎಲ್ಲರಿಗಿಂತ ಮೊದಲು ಇಳಿಯಲು ಬಿಡುತ್ತಾರೆ.